ಹಿಂದಿನ ಟೈರ್ ದಪ್ಪ ಮಾಡಿಸಬೇಡಿ, ದಯವಿಟ್ಟು

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಳೆದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. ಓದುತ್ತೇನೆ, ಕೇಳಿ. "ಅಣ್ಣಾ, ಯಾವಾಗ ನೋಡಿದ್ರೂ ಚೈನು, ಗಾಳಿ, ಆಯಿಲ್ ಅಂತೀರಾ. ನಾನು ನನ್ನ 100 ಸಿಸಿ ಬೈಕಿಗೆ ಹಿಂದೆ 100/90 ಟೈರ್ ಹಾಕಿಸಿದೆ. ಗ್ರಿಪ್ಪೂ ಜಾಸ್ತಿ, ಲುಕ್ಕೂ ಜಾಸ್ತಿ. ಅಪ್‌ಗ್ರೇಡ್ ಅಂದ್ರೆ ಇದು." ಅದರ ಕೆಳಗೆ ಸಾಲು ಸಾಲು ಜನ. ಎಲ್ಲಿ ಹಾಕಿಸಿದ್ರಿ, ನನ್ನ ಬೈಕಿಗೂ ಆಗುತ್ತಾ, ಇನ್ನೂ ದಪ್ಪ ಹಾಕಬಹುದಾ. ಇದನ್ನು ನೋಡಿಕೊಂಡು ಸುಮ್ನೆ ಕೂರೋಕೆ ನನಗೆ ಆಗಲಿಲ್ಲ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾ ಕೆಲಸಕ್ಕೆ ಓಡಿಸುವ ಸಣ್ಣ ಬೈಕಿಗೆ ಹಿಂದಿನ ಟೈರ್ ದಪ್ಪ ಮಾಡಿಸುವುದು ಅಪ್‌ಗ್ರೇಡ್ ಅಲ್ಲ. ಚೆನ್ನಾಗಿರುವ ಬೈಕನ್ನು ಕೆಡಿಸುವ ಕೆಲಸ ಅದು. ಕಂಪನಿ ಯಾವ ಸೈಜ್ ಕೊಟ್ಟಿದೆಯೋ ಅದೇ ಸೈಜ್ ಹಾಕಿ. ಇಷ್ಟೇ ಸಾಕು ಅನ್ನುವವರು ಲೈಕ್ ಒತ್ತಿ ಹೋಗಬಹುದು. ಯಾಕೆ ಅಂತ ಬೇಕಾದವರು ಕೂತ್ಕೊಳ್ಳಿ.

ನಿಮ್ಮ ಬೈಕ್ ಹತ್ತಿರ ಹೋಗಿ. ಹಿಂದಿನ ಟೈರಿನ ಪಕ್ಕದ ಗೋಡೆಯನ್ನು ಬಟ್ಟೆಯಲ್ಲಿ ಒರೆಸಿ. 80/100-18 54ಪಿ ಅಂತ ಏನೋ ಬರೆದಿರುತ್ತದೆ. ಅಂದರೆ ಟೈರಿನ ಅಗಲ 80 ಮಿಲಿಮೀಟರ್. ಅದರ ಎತ್ತರ ಅಗಲದ ನೂರಕ್ಕೆ ನೂರು, ಅಂದರೆ ಅದೂ 80. ರಿಮ್ಮಿನ ವ್ಯಾಸ 18 ಇಂಚು. 54 ಅನ್ನುವುದು ಭಾರದ ಸಂಖ್ಯೆ, ಆ ಟೈರ್ 212 ಕೆಜಿ ಹೊರುತ್ತದೆ. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. ನಿಮ್ಮ ಬೈಕ್ 100 ದಾಟುವುದೇ ಕಷ್ಟ. ಅಂದರೆ ಕಂಪನಿ ಕೊಟ್ಟ "ತೆಳು" ಟೈರಿನಲ್ಲೇ ನಿಮಗೆ ಬೇಕಾದದ್ದಕ್ಕಿಂತ ಜಾಸ್ತಿ ತಾಕತ್ತು ಇದೆ.

ಈಗ ರಿಮ್ ನೋಡಿ. ಅದರ ಮೇಲೂ ಅಚ್ಚು ಇರುತ್ತದೆ. 1.60x18, ಇಲ್ಲವೇ 1.85x18. ಇದು ಯಾರೂ ನೋಡದ ಅಂಕಿ. ಟೈರ್ ದಪ್ಪ ಮಾಡಿಸುವವರು ಒಬ್ಬರಾದರೂ ಇದನ್ನು ಓದಿದ್ದನ್ನು ನಾನು ಕಂಡಿಲ್ಲ. 1.60 ಅಂದರೆ ರಿಮ್ಮಿನ ಒಳ ಅಗಲ 1.60 ಇಂಚು, ಸುಮಾರು 41 ಮಿಲಿಮೀಟರ್. 100/90 ಟೈರಿಗೆ ಕಮ್ಮಿ ಅಂದರೂ 2.15 ಇಂಚಿನ ರಿಮ್ ಬೇಕು, ಸುಮಾರು 55 ಮಿಲಿಮೀಟರ್. ಎಷ್ಟು ಕಮ್ಮಿ ಬಿತ್ತು ನೋಡಿ! ಕಾಲು ಭಾಗ ಕಮ್ಮಿ.

ಅಷ್ಟು ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಏನಾಗುತ್ತದೆ? ಬಾಯಿ ಬಿಗಿದು ಕಟ್ಟಿದ ಚೀಲದ ಹಾಗೆ ಟೈರಿನ ಎರಡೂ ಅಂಚು ಒಳಕ್ಕೆ ಬರುತ್ತವೆ. ನಡುಭಾಗ ಮೇಲಕ್ಕೆ ಉಬ್ಬುತ್ತದೆ. ನೇರ ಹೋಗುವಾಗ ರಸ್ತೆಗೆ ತಾಗುವುದು ಆ ಉಬ್ಬಿದ ನಡುಭಾಗ ಮಾತ್ರ. ಪಕ್ಕದಲ್ಲಿ ಕಾಣುವ ಅಷ್ಟೂ ರಬ್ಬರ್ ರಸ್ತೆ ಮುಟ್ಟುವುದೇ ಇಲ್ಲ. ಅಂಥ ಬೈಕ್ ಕಂಡರೆ ಹಿಂದಿನಿಂದ ಬಗ್ಗಿ ನೋಡಿ. ಟೈರಿನ ನಟ್ಟನಡುವೆ ಬೆರಳಗಲದ ಒಂದು ಪಟ್ಟಿ ಸವೆದು ನುಣ್ಣಗಾಗಿರುತ್ತದೆ. ಎರಡೂ ಪಕ್ಕದಲ್ಲಿ ಟೈರ್ ಹುಟ್ಟಿದಾಗಿನ ರಬ್ಬರ್ ಮೀಸೆ ಹಾಗೇ ನಿಂತಿರುತ್ತದೆ. ದುಡ್ಡು ಕೊಟ್ಟು ತಂದ ರಬ್ಬರ್, ಬರೀ ತೋರಿಸೋಕೆ.

ಅಂಚು ರಿಮ್ಮಿನಲ್ಲಿ ಸರಿಯಾದ ಕೋನದಲ್ಲಿ ಕೂರುವುದಿಲ್ಲ ಅನ್ನುವುದು ಇನ್ನೊಂದು. ಟ್ಯೂಬ್‌ಲೆಸ್ ಆಗಿದ್ದರೆ ಗಾಳಿ ಸೋರುವುದಕ್ಕೆ ಅದೇ ದಾರಿ. ಟ್ಯೂಬ್ ಇರುವ ಸ್ಪೋಕ್ ಚಕ್ರ ಆಗಿದ್ದರೆ ಇನ್ನೂ ಕೆಟ್ಟದ್ದು. ಎಷ್ಟೋ ಕಡೆ ಹಳೇ ಟೈರಿನ ಸಣ್ಣ ಟ್ಯೂಬನ್ನೇ ದಪ್ಪ ಟೈರಿನ ಒಳಗೆ ಹಾಕಿ ಕಳಿಸುತ್ತಾರೆ. ಅದು ಅಳತೆ ಮೀರಿ ಹಿಗ್ಗಿ ತೆಳ್ಳಗಾಗುತ್ತದೆ. ಆಮೇಲೆ ಪಂಕ್ಚರ್ ಆಗುವುದಲ್ಲ, ಉದ್ದಕ್ಕೆ ಹರಿದುಹೋಗುತ್ತದೆ.

ಇನ್ನು ಗ್ರಿಪ್. ಎಲ್ಲರೂ ಇದನ್ನೇ ಹಿಡಿದುಕೊಂಡು ಬರುತ್ತಾರೆ. ಅಗಲ ಜಾಸ್ತಿ ಆದರೆ ರಸ್ತೆಗೆ ತಾಗುವ ಜಾಗ ಜಾಸ್ತಿ ಅಲ್ವಾ ಅಂತ. ಲೆಕ್ಕ ಹಾಕೋಣ. ಟೈರಿನಲ್ಲಿ ಭಾರ ಹೊರುವುದು ಒಳಗಿನ ಗಾಳಿ. 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ತೆಗೆದುಕೊಂಡ ಜಾನ್ ಬಾಯ್ಡ್ ಡನ್ಲಪ್ ಒಬ್ಬ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ಲು ಕುಲುಕದೆ ಓಡಲಿ ಅಂತ ಶುರು ಮಾಡಿದ ಕೆಲಸ ಅದು. ಗಟ್ಟಿ ರಬ್ಬರ್ ಮಾಡದ್ದನ್ನು ಗಾಳಿ ಮಾಡುತ್ತದೆ ಅನ್ನುವುದು ಅವತ್ತಿನಿಂದ ಗೊತ್ತಿರುವ ವಿಷಯ. ಇರಲಿ. ನಿಮ್ಮ ಹಿಂದಿನ ಚಕ್ರದ ಮೇಲೆ 120 ಕೆಜಿ ಭಾರ ಇದೆ ಅಂತ ಇಟ್ಟುಕೊಳ್ಳಿ. ಗಾಳಿ 28 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ಒತ್ತಡ. ಭಾಗಿಸಿ. 60 ಚದರ ಸೆಂಟಿಮೀಟರ್ ಬಂತು. ರಸ್ತೆಗೆ ತಾಗುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಈಗ ದಪ್ಪ ಟೈರ್ ಹಾಕಿ, ಅದೇ ಗಾಳಿ, ಅದೇ ಭಾರ. ಮತ್ತೆ ಭಾಗಿಸಿ. ಉತ್ತರ ಎಲ್ಲಿ ಬದಲಾಯಿತು? ಜಾಗದ ಆಕಾರ ಬದಲಾಗಬಹುದು. ಜಾಗ ನೀವು ಅಂದುಕೊಂಡ ಹಾಗೆ ಬೆಳೆಯುವುದಿಲ್ಲ.

ಗ್ರಿಪ್ ಬರುವುದು ರಬ್ಬರಿನ ಗುಣದಿಂದ, ಅದು ಎಷ್ಟು ಹಳೆಯದು ಅನ್ನುವುದರಿಂದ, ಗಾಳಿ ಸರಿ ಇರುವುದರಿಂದ. ಮಳೆಯಲ್ಲಾದರೆ ಗೀರು ಎಷ್ಟು ಆಳ ಉಳಿದಿದೆ ಅನ್ನುವುದರಿಂದ. ನೀರು ನಿಂತ ರಸ್ತೆಯಲ್ಲಿ ತೆಳು ಟೈರ್ ನೀರನ್ನು ಸೀಳಿಕೊಂಡು ಕೆಳಗೆ ಹೋಗುತ್ತದೆ. ಹಾಗಾಗಿ ಮತ್ತೆ ಹೇಳುತ್ತೇನೆ, ಕಂಪನಿ ಕೊಟ್ಟ ಸೈಜೇ ಹಾಕಿ.

"ಹಾಗಾದ್ರೆ ರೇಸ್ ಬೈಕಿಗೆ ಯಾಕೆ ದಪ್ಪ ಟೈರ್ ಇರುತ್ತೆ?" ಇದು ಪ್ರತಿ ಸಲ ಬರುವ ಪ್ರಶ್ನೆ. ಬಂದಾಗಲೆಲ್ಲ ಕೇಳಿದವರು ದೊಡ್ಡ ಪಾಯಿಂಟ್ ಹಿಡಿದ ಖುಷಿಯಲ್ಲಿರುತ್ತಾರೆ. ಸ್ವಾಮಿ, ಆ 1000 ಸಿಸಿ ಬೈಕುಗಳ ಎಂಜಿನ್ 200 ಅಶ್ವಶಕ್ತಿಯ ಆಸುಪಾಸು ಕೊಡುತ್ತದೆ. ಹಿಂದಿನ ಟೈರ್ 190 ಮಿಲಿಮೀಟರ್, ಸರಿ. ರಿಮ್ಮಿನ ಅಗಲ ಎಷ್ಟು ಗೊತ್ತಾ? 6 ಇಂಚು. ಆ ಟೈರಿಗೆ ತಕ್ಕ ರಿಮ್, ಆ ರಿಮ್ಮಿಗೆ ತಕ್ಕ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಅದಕ್ಕೆಲ್ಲ ತಕ್ಕ ಎಂಜಿನ್. ನಿಮ್ಮ 100 ಸಿಸಿ ಕೊಡುವುದು ಸುಮಾರು 8 ಅಶ್ವಶಕ್ತಿ. ಆ 8ರಲ್ಲೇ ನೀವು, ನಿಮ್ಮ ಬ್ಯಾಗು, ಹಿಂದೆ ಕೂತವರು, ಏರು ರಸ್ತೆ ಎಲ್ಲಾ ಆಗಬೇಕು. ಅದರ ಕಾಲಿಗೆ ಇನ್ನಷ್ಟು ಭಾರ ಕಟ್ಟುವುದು ಯಾವ ನ್ಯಾಯ?

ಲೆಕ್ಕ ಇನ್ನೂ ಇದೆ. 80/100-18 ಟೈರಿನ ಹೊರಗಿನ ವ್ಯಾಸ ಸುಮಾರು 617 ಮಿಲಿಮೀಟರ್. 100/90-18ರದ್ದು 637. ಮೂರು ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ ದೊಡ್ಡ ಚಕ್ರ. ಅಂದರೆ ಎಲ್ಲ ಗೇರುಗಳೂ ಅಷ್ಟು ಭಾರ ಆದವು. ಏರಿನಲ್ಲಿ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಬೈಕ್ ಈಗ ಎರಡಕ್ಕೆ ಇಳಿಸು ಅನ್ನುತ್ತದೆ. ಜೊತೆಗೆ ಟೈರ್ ತೂಕ ಬೇರೆ. ಆಮೇಲೆ ನನಗೇ ಮೆಸೇಜ್ ಬರುತ್ತದೆ, "ಅಣ್ಣಾ, ಪಿಕಪ್ ಕಮ್ಮಿ ಆಗಿದೆ, ಕಾರ್ಬ್ಯುರೇಟರ್ ಬಿಚ್ಚಿಸಲಾ?" ಕಾರ್ಬ್ಯುರೇಟರ್ ಏನು ತಪ್ಪು ಮಾಡಿತು?

ಹಿಂಭಾಗ 10 ಮಿಲಿಮೀಟರ್ ಮೇಲೆದ್ದಿತು. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ಮೊದಲಿಗಿಂತ ಜಾಸ್ತಿ ವಾಲುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲದಿಂದ ಮೊದಲಿನಷ್ಟು ಏಳುವುದಿಲ್ಲ. ಚೈನಿಗೆ ಆಯಿಲ್ ಬಿಡಲು ಚಕ್ರ ತಿರುಗಿಸಬೇಕು ಅಂದರೆ ನೆಲಕ್ಕೆ ಉಜ್ಜುತ್ತದೆ. ಅಲ್ಲಿಗೆ ಚೈನ್ ನೋಡಿಕೊಳ್ಳುವುದೂ ನಿಂತಿತು.

ಚೈನ್ ಅಂದೆ ಅಲ್ವಾ. ದಪ್ಪ ಟೈರಿನ ಎಡಪಕ್ಕವನ್ನು ಬೆರಳಲ್ಲಿ ಸವರಿ ನೋಡಿ. ತುಂಬಾ ಬೈಕುಗಳಲ್ಲಿ ಒಂದು ಹೊಳೆಯುವ ಗೀರು ಸಿಗುತ್ತದೆ, ಸುತ್ತಲೂ ಬಳೆ ಬಿಡಿಸಿದ ಹಾಗೆ ಒಂದೇ ಎತ್ತರದಲ್ಲಿ. ಚೈನ್ ಕವರೋ, ಚೈನೋ ಉಜ್ಜಿದ ಗುರುತು ಅದು. ಒಬ್ಬರೇ ಓಡಿಸುವಾಗ ಶಬ್ದ ಇಲ್ಲ. ಹಿಂದೆ ಒಬ್ಬರು ಕೂತು, ಗುಂಡಿಗೆ ಇಳಿದಾಗ "ಸರ್" ಅಂತ ಒಂದು ಶಬ್ದ. ಆಗ ಮಡ್‌ಗಾರ್ಡ್ ಕೂಡ ತಾಗುತ್ತಿದೆ ಅಂತ ಅರ್ಥ. ಟೈರಿನ ಪಕ್ಕದ ಗೋಡೆ ಅದರ ಅತಿ ತೆಳು ಜಾಗ. ಅಲ್ಲಿ ದಿನಾ ಕಬ್ಬಿಣ ಉಜ್ಜುತ್ತಿದೆ. ನೀವು ಅದರ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೋಗುತ್ತಿದ್ದೀರಿ. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನೊಂದು ಹೇಳುತ್ತೇನೆ, ಇದು ಇನ್ನೂ ಸಿಟ್ಟು ಬರಿಸುವಂಥದ್ದು. ಹಿಂದೆ ಹೊಸ ದಪ್ಪ ಟೈರ್ ಹಾಕಿಸಿದ ಬೈಕಿನ ಮುಂದಿನ ಟೈರ್ ನೋಡಿ. ಬೋಳು! ಗೀರೇ ಇಲ್ಲ. ಬ್ರೇಕ್ ಹಿಡಿದಾಗ ಭಾರ ಎಲ್ಲಾ ಮುಂದಕ್ಕೆ ಬರುತ್ತದೆ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಟೈರಿನದ್ದು. ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ನೆಲವೇ ಗತಿ. ಪ್ರಾಣ ಕಾಯುವ ಟೈರ್ ಬೋಳು, ನೋಡುವವರಿಗೆ ಕಾಣುವ ಟೈರ್ ದಪ್ಪ. ಇದನ್ನು ಅಪ್‌ಗ್ರೇಡ್ ಅನ್ನುತ್ತೀರಾ? ನಾನು ಅನ್ನುವುದಿಲ್ಲ.

ದುಡ್ಡು ಖರ್ಚು ಮಾಡಲೇಬೇಕು ಅಂತ ಇದ್ದರೆ ಹೀಗೆ ಮಾಡಿ. ಅದೇ ಸೈಜಿನಲ್ಲಿ ಸಿಗುವ ಒಳ್ಳೆಯ ಟೈರ್ ತೆಗೆದುಕೊಳ್ಳಿ, ಎರಡೂ ಚಕ್ರಕ್ಕೆ. ಅಂಗಡಿಯಲ್ಲಿ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಹುಡುಕಿ. 2324 ಅಂತ ಇದ್ದರೆ 2024ನೇ ವರ್ಷದ 23ನೇ ವಾರ ತಯಾರಾದದ್ದು. ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ಹೊಸದು ಅಂತ ಕೊಟ್ಟರೆ ಬೇಡ ಅನ್ನಿ. ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯಾ ನೋಡಿ. ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟು ಬೇಕು ಅಂತ ಚೈನ್ ಕವರ್ ಮೇಲಿನ ಸ್ಟಿಕ್ಕರಿನಲ್ಲಿ ಇಲ್ಲವೇ ಬೈಕಿನ ಪುಸ್ತಕದಲ್ಲಿ ಇರುತ್ತದೆ. ಒಬ್ಬರಿಗೆ ಒಂದು, ಇಬ್ಬರಿಗೆ ಅದಕ್ಕಿಂತ ಜಾಸ್ತಿ. ಚೈನಿನ ಕೆಳಸಾಲನ್ನು ನಡುವೆ ಬೆರಳಿಂದ ಎತ್ತಿ ಇಳಿಸಿ. ಹೆಚ್ಚಿನ ಸಣ್ಣ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ಬಿಗಿ ಮಾಡುವಾಗ ಸ್ವಿಂಗ್ ಆರ್ಮಿನ ಎರಡೂ ಪಕ್ಕದ ಗುರುತು ಸಮ ಇರಲಿ. ಹಿಂದಿನ ಬ್ರೇಕ್ ಒತ್ತಿ ಹಿಡಿದು ಡ್ರಮ್ ಪಕ್ಕದ ಬಾಣ ನೋಡಿ. ಅದು ಕೊನೆಯ ಗುರುತಿಗೆ ಬಂದಿದ್ದರೆ ಒಳಗಿನ ಬ್ರೇಕ್ ಶೂ ಬದಲಾಯಿಸಿ. ಇಷ್ಟು ಮಾಡಿ ಒಂದು ಸುತ್ತು ಓಡಿಸಿ ನೋಡಿ, ಬೈಕ್ ಹಗುರ ಆಗಿರುತ್ತದೆ. ಚೈನ್ ಬಿಗಿ ಮಾಡುವುದನ್ನು ನಿಧಾನವಾಗಿ ತೋರಿಸಿದ ವಿಡಿಯೋ ನಮ್ಮ ಚಾನೆಲ್‌ನಲ್ಲೇ ಇದೆ. ನೋಡಿಲ್ಲದವರು ನೋಡಿ. ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ, ಇಂಥ ವಿಷಯ ಹೇಳುವವರು ಕಮ್ಮಿ.

ಈಗ ಉಳಿದ ಕಾಮೆಂಟುಗಳು. "ನನ್ನ ಫ್ರೆಂಡ್ ಹಾಕಿಸಿದ್ದಾನೆ, ಏನೂ ಆಗಿಲ್ಲ." ಇನ್ನೂ ಆಗಿಲ್ಲ, ಅಷ್ಟೇ. ಆಗುವವರೆಗೂ ಯಾರಿಗೂ ಏನೂ ಆಗಿರುವುದಿಲ್ಲ. "ಟೈರ್ ಅಂಗಡಿಯವರೇ ಆಗುತ್ತೆ ಅಂದ್ರು." ಅವರು ಟೈರ್ ಮಾರುವವರು. ರಿಮ್ಮಿಗೆ ಹತ್ತಿದರೆ ಅವರ ಕೆಲಸ ಮುಗಿಯಿತು. ಬೈಕ್ ಓಡಿಸುವುದು ನೀವು. "90/90 ಹಾಕಬಹುದಾ?" ಹೊರಗಿನ ವ್ಯಾಸದಲ್ಲಿ ಅದು 80/100ಕ್ಕಿಂತ 2 ಮಿಲಿಮೀಟರ್ ಮಾತ್ರ ಜಾಸ್ತಿ, ನಿಜ. ರಿಮ್ 1.60 ಆಗಿದ್ದರೆ ಬೇಡ. ಬೇಡ ಅಂದಮೇಲೂ ಸ್ವಲ್ಪ ಸ್ವಲ್ಪವೇ ಜಗ್ಗುವುದು ಯಾಕೆ? ಎಂಜಿನಿಯರುಗಳು ಕೂತು ರಿಮ್, ಟೈರ್, ಗೇರ್, ಸ್ಟ್ಯಾಂಡ್ ಎಲ್ಲಾ ಹೊಂದಿಸಿ ಕೊಟ್ಟಿದ್ದಾರೆ. ಅದನ್ನು ಕದಡಬೇಡಿ.

"ಲುಕ್ ಬೇಕು ಅಣ್ಣಾ." ತೊಳೆಯಿರಿ. ಸ್ಪೋಕ್ ಒಂದೊಂದೇ ಒರೆಸಿ. ಚೈನ್ ಸ್ವಚ್ಛ ಮಾಡಿ. ಮಣ್ಣು ಮೆತ್ತಿದ ಬೈಕಿಗೆ ದಪ್ಪ ಟೈರ್ ಹಾಕಿಸಿ ಲುಕ್ ಅಂದರೆ ನನಗೆ ಅರ್ಥ ಆಗುವುದಿಲ್ಲ. ತೆಳು ಟೈರಿನ ಸಣ್ಣ ಬೈಕ್ ನೋಡಲು ಚೆನ್ನಾಗಿರುತ್ತದೆ. ನನಗಂತೂ ಅದೇ ಚೆಂದ. ದಪ್ಪ ಟೈರ್ ಬೇಡ. ಹಿಂದೆಯೂ ಬೇಡ, ಮುಂದೆಯೂ ಬೇಡ. ಯಾರು ಹಾಕಿಸಿದ್ದರೂ ಬೇಡ, ಎಷ್ಟು ಲೈಕ್ ಬಂದಿದ್ದರೂ ಬೇಡ. ಕಂಪನಿ ಸೈಜ್, ಕಂಪನಿ ಸೈಜ್, ಕಂಪನಿ ಸೈಜ್.

ಮುಂದಿನ ವಿಡಿಯೋ ಬ್ರೇಕ್ ಶೂ ಬದಲಾಯಿಸುವುದರ ಬಗ್ಗೆ, ಗಂಟೆ ಗುರುತು ಒತ್ತಿ ಇಟ್ಟುಕೊಳ್ಳಿ. ಈಗಾಗಲೇ ದಪ್ಪ ಟೈರ್ ಹಾಕಿಸಿದವರು ಕಾಮೆಂಟಿನಲ್ಲಿ ಬರೆಯಿರಿ, ಬೈಯುವುದಿಲ್ಲ, ಏನು ಮಾಡಬಹುದು ನೋಡೋಣ. ಆದರೆ ಬರೀ ಬೈಕಿನ ಹೆಸರು ಬರೆಯಬೇಡಿ. ಹೋಗಿ ರಿಮ್ ಮೇಲಿನ ಅಂಕಿ ಓದಿ, ಟೈರಿನ ಅಂಕಿ ಓದಿ, ಎರಡನ್ನೂ ಸೇರಿಸಿ ಬರೆಯಿರಿ. ಅದಿಲ್ಲದೆ ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ.