ಹನ್ನೊಂದು ಬಟನ್ನು, ಒಂದು ಗುಟುಕು ಎಂಜಲು

ಮಂಡ್ಯ ಸ್ಟೇಷನ್ನು, ಬೆಳಗಿನ ಚಳಿ. ಮೈಸೂರು ಗಾಡಿ ಇನ್ನೂ ಬಂದಿಲ್ಲ. ಕೈಲಿರೋದು ನನ್ನ ಕೊನೇ ನಿಶ್ಚಿಂತೆ ಟೀ. ಇವತ್ತು ಅಲೈನರ್ ಹಾಕಿಸ್ಕೊಳ್ಳೋಕೆ ಹೊರಟಿದೀನಿ, ಅಂದ್ರೆ ಹಲ್ಲು ನೇರ ಮಾಡೋ ಪಾರದರ್ಶಕ ಪ್ಲಾಸ್ಟಿಕ್ ಟ್ರೇ. ಮಧ್ಯಾಹ್ನದಿಂದ ಟೀ ಅಂದ್ರೆ ಟ್ರೇ ತೆಗಿ, ಕುಡಿ, ಬಾಯಿ ತೊಳಿ, ಮತ್ತೆ ಟ್ರೇ ಹಾಕು. ದಿನಕ್ಕೆ 22 ಗಂಟೆ ಅದು ಹಲ್ಲಿನ ಮೇಲೇ ಇರ್ಬೇಕಂತೆ.

ಅಲೈನರ್ ಅಂದ್ರೆ ಕಾಣದ ಕ್ಲಿಪ್ಪು ಅಂತ ನಂಬಿದ್ದೆ. ತಂತಿ ಇಲ್ಲ, ಏನಿಲ್ಲ, ಖುಷಿಯಾಗಿದ್ದೆ. ಹಲ್ಲಿಗೆ ಗುಳ್ಳೆ ಥರ ಉಬ್ಬು ಅಂಟಿಸ್ತಾರೆ ಅಂತ ಆಮೇಲೆ ಗೊತ್ತಾಯ್ತು. ಅದರ ಹೆಸರು ಅಟ್ಯಾಚ್‌ಮೆಂಟು, ಕ್ಲಿನಿಕ್‌ನಲ್ಲಿ ಎಲ್ರೂ ಅನ್ನೋದು ಬಟನ್ನು. ನನಗೆ ಹನ್ನೊಂದು.

ಯಾಕೆ ಬೇಕು ಅಂದ್ರೆ, ಕೋರೆಹಲ್ಲು ದುಂಡಗಿರುತ್ತೆ. ನುಣ್ಣನೆ ಪ್ಲಾಸ್ಟಿಕ್ ಅದನ್ನ ತಿರುಗಿಸೋಕೆ ಹೋದ್ರೆ ಜಾರುತ್ತೆ. ಎಣ್ಣೆ ಕೈಲಿ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತಿರುಗಿಸಿ ನೋಡಿ, ಹಂಗೇ. ಕಬ್ಬಿನ ಜಲ್ಲೆಗೆ ಗೆಣ್ಣಿದ್ದಂಗೆ ಹಲ್ಲಿಗೂ ಒಂದು ಉಬ್ಬು ಇದ್ರೆ ಹಿಡಿತ ಸಿಗುತ್ತೆ.

ಮೈಸೂರು, ಸರಸ್ವತಿಪುರಂ. ಕುರ್ಚಿ ಮೇಲೆ ಮಲಗಿಸಿ, ಕೆನ್ನೆ ಎರಡೂ ಅಗಲ ಮಾಡೋ ಪ್ಲಾಸ್ಟಿಕ್ ಸಿಕ್ಕಿಸಿದ್ರು. ಆ ಮುಖ ವಿಡಿಯೋದಲ್ಲಿ ಹಾಕಲ್ಲ, ಕೇಳ್ಬೇಡಿ. ಹಲ್ಲು ಪಾಲಿಶ್ ಮಾಡಿ, ಬಟನ್ ಬರೋ ಜಾಗಕ್ಕೆಲ್ಲ ನೀಲಿ ಜೆಲ್ ಇಟ್ರು. 37% ಫಾಸ್ಫರಿಕ್ ಆ್ಯಸಿಡ್. 30 ಸೆಕೆಂಡು ಬಿಟ್ಟು ತೊಳೆದು, ಗಾಳಿ ಊದಿ ಒಣಗಿಸಿ ಕನ್ನಡಿ ಕೊಟ್ರು. ಹೊಳಪೆಲ್ಲ ಹೋಗಿ, ಜೆಲ್ ಇಟ್ಟಿದ್ದ ಕಡೆ ಮಾತ್ರ ರಂಗೋಲಿ ಪುಡಿ ಮೆತ್ತಿದಂಗೆ ಬೆಳ್ಳಗೆ!

"ಈಗ ನಾಲಿಗೆ ತಾಗಿಸ್ಬೇಡಿ, ನುಂಗೋಕೂ ಹೋಗ್ಬೇಡಿ" ಅಂದ್ರು ಡಾಕ್ಟ್ರು. ಅದ್ಹೇಗೆ ಮೇಡಂ ಅಂತ ಕೇಳೋಕೂ ಬಾಯಿ ಬರಲ್ಲ. ಆ್ಯಸಿಡ್ಡು ಎನಾಮಲ್, ಅಂದ್ರೆ ಹಲ್ಲಿನ ಹೊರಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡಿರುತ್ತೆ, ಅಂಟು ಅದರೊಳಗೆ ಇಳಿದು ಗಟ್ಟಿಯಾಗ್ಬೇಕು. ಎಂಜಲು ಮೊದ್ಲು ಇಳಿದ್ರೆ ಅಂಟಿಗೆ ಜಾಗ ಎಲ್ಲಿ? ಈ ಉಪಾಯ 1955ರಲ್ಲಿ ಮೈಕಲ್ ಬ್ಯೂನೊಕೋರ್ ಅನ್ನೋ ದಂತವೈದ್ಯ ಪ್ರಕಟಿಸಿದ್ದು. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹಚ್ಚೋ ಮುಂಚೆ ಇದೇ ಆ್ಯಸಿಡ್ ಬಳಿಯೋದು ಅವರಿಗೆ ಗೊತ್ತಿತ್ತು. ಗೇಟಿಗೆ ಪೇಂಟ್ ಹೊಡಿಯೋ ಕೆಲಸಾನೇ, ಬಾಯೊಳಗೆ.

ಬಾಂಡ್ ಅನ್ನೋ ಅಂಟು ಹಚ್ಚಿದ್ರು. ಬಟನ್ ಜಾಗದಲ್ಲಿ ಗುಳಿ ಇರೋ ಬೇರೊಂದು ತೆಳು ಟ್ರೇಗೆ ಕಾಂಪೋಸಿಟ್ ಅನ್ನೋ ಹಲ್ಲಿನ ಬಣ್ಣದ ಪೇಸ್ಟ್ ತುಂಬಿ ಒತ್ತಿದ್ರು. ಅದು ಗಟ್ಟಿಯಾಗೋಕೆ ಒಂದೊಂದು ಹಲ್ಲಿಗೂ ನೀಲಿ ದೀಪ. ಕೀಂ... ಕೀಂ... ಟ್ರೇ ಸುಲಿದ್ರು. ಆಚೆಗೆ ಉಕ್ಕಿದ್ದನ್ನ ಡ್ರಿಲ್ಲಲ್ಲಿ ಉಜ್ಜಿದ್ರು. ಅಂಟಿಸಿದ್ದಕ್ಕಿಂತ ಒಣಗಿಸಿದ್ದೇ ಜಾಸ್ತಿ ಹೊತ್ತು.

ಒಂದು ತಪ್ಪೊಪ್ಪಿಗೆ. ಮಧ್ಯೆ ಒಂದ್ಸಲ ನುಂಗಿದೆ. ತಡಿಯೋಕಾಗ್ಲಿಲ್ಲ, ಹೇಳ್ಲೂ ಇಲ್ಲ. ಮೂರನೇ ದಿನ ಊಟಕ್ಕೆ ಟ್ರೇ ತೆಗೆದ್ರೆ ಕೆಳಗಿನ ಎಡಗಡೆ ಬಟನ್ ಟ್ರೇ ಒಳಗೇ ಕೂತಿದೆ. ಅರ್ಧ ಅಕ್ಕಿಕಾಳಿನಷ್ಟು. ಫೋನ್ ಮಾಡಿದೆ. "ಟ್ರೇ ಬಿಡ್ಬೇಡಿ, ಮುಂದಿನ ವಾರ ಬನ್ನಿ, ಅದೊಂದನ್ನ ಮತ್ತೆ ಹಾಕೋಣ" ಅಂದ್ರು. ನುಂಗಿದ್ದು ಆಗ್ಲೂ ಹೇಳ್ಲಿಲ್ಲ. ಮೇಡಂ, ಇದನ್ನ ನೋಡ್ತಿದ್ರೆ ಸಾರಿ.

ಮನೇಲಿ ಅಜ್ಜಿ ಗಲ್ಲ ಹಿಡಿದು, "ಇದ್ಯಾಕವ್ವ, ಹಲ್ಮೇಲೆಲ್ಲ ನರೂಲಿ ಎದ್ದವೆ?" ಅಂದ್ರು. ಬಟನ್ ಅಂಚು ಒಳತುಟಿ ಕೆರೆದು ಎರಡು ದಿನ ಉರಿ. ಆದ್ರೆ ಮುದ್ದೆ ಕಾಪಾಡ್ತು. ಅಗಿಯೋ ಕೆಲಸಾನೇ ಇಲ್ಲ, ಉಪ್ಸಾರಲ್ಲಿ ಅದ್ದು, ನುಂಗು. ಅರಿಶಿನದ ಸಾರಾದ್ರೆ ಮಾತ್ರ ಉಂಡ ಕೂಡ್ಲೆ ಬ್ರಶ್ಶು, ಇಲ್ದಿದ್ರೆ ಟ್ರೇ ಹಳದಿ ಆಗುತ್ತೆ.

ಅಷ್ಟರಲ್ಲಿ ಸಂಕ್ರಾಂತಿ. ಎಳ್ಳುಬೆಲ್ಲದ ಎಳ್ಳು ಬಟನ್ ಸಂದೀಲಿ ಹೆಂಗೆ ಕೂರುತ್ತೆ ಅಂದ್ರೆ, ಬ್ರಶ್ಶಿಗೂ ಜಗ್ಗಲ್ಲ. ಜಲ್ಲೆನ ಹಲ್ಲಲ್ಲಿ ಸಿಗಿಯೋದಂತೂ ಬಂದ್. ಅಪ್ಪ ಮಚ್ಚಲ್ಲಿ ಸಿಪ್ಪೆ ಹೆರೆದು, ಗೆಣ್ಣು ತೆಗೆದು, ಚೂರು ಮಾಡಿ ತಟ್ಟೇಲಿ ಕೊಟ್ರು. ಮಂಡ್ಯದಲ್ಲಿ ಹುಟ್ಟಿ ಕಬ್ಬನ್ನ ತಟ್ಟೇಲಿ ತಿಂದವಳು ನಾನೊಬ್ಳೇ ಇರ್ಬೇಕು. ಬಲಗಡೆ ದವಡೇಲಿ ಮೆಲ್ಲಗೆ ಅಗಿದು, ರಸ ಹೀರಿ, ಹಿಪ್ಪೆ ಉಗಿದು...

ತಡೀರಿ, ಟ್ರೇ ಎಲ್ಲಿಟ್ಟೆ? ಅಜ್ಜೀ, ಆ ನೀಲಿ ಡಬ್ಬಿ ನೋಡಿದ್ಯಾ?