ಮೂರು ದೇಶ, ಮೂರು ಥರದ ಸಿಗ್ನಲ್: ಒಂದು ಹಳದಿ ದೀಪದ ಕಥೆ

[ದೃಶ್ಯ: ಕಾರಿನ ಒಳಗಿಂದ ಕಾಣುವ ರಸ್ತೆ. ಮುಂದೆ ಹಸಿರು ದೀಪ. ಅದು ಇದ್ದಕ್ಕಿದ್ದಂತೆ ಬ್ಲಿಂಕ್ ಆಗತೊಡಗುತ್ತದೆ.]

ಎಣಿಸಿ. ಒಂದು, ಎರಡು, ಮೂರು, ನಾಲ್ಕು. ಹಳದಿ ಬಂತು. ಆಮೇಲೆ ಕೆಂಪು.

ಇದು ಆಸ್ಟ್ರಿಯಾದ ಇನ್ಸ್‌ಬ್ರುಕ್. ಕಾರು ಓಡಿಸುತ್ತಿದ್ದವನು ನನ್ನ ಗೆಳೆಯ. ಮ್ಯೂನಿಕ್‌ನಲ್ಲಿ ಕೆಲಸ, ಜರ್ಮನಿಯಲ್ಲಿ ಓಡಿಸಿ ಚೆನ್ನಾಗಿ ಪಳಗಿದ ಕೈ. ಹಸಿರು ದೀಪ ಹೀಗೆ ಕಣ್ಣು ಹೊಡೆಯುವುದನ್ನು ನೋಡಿದ್ದೇ ತಡ, ಗಾಬರಿಯಾಗಿ ಬ್ರೇಕ್ ಒತ್ತಿಬಿಟ್ಟ. ಹಿಂದಿದ್ದ ವ್ಯಾನಿನವರು ಅದೇ ದೀಪ ನೋಡಿ, ಇನ್ನೂ ಟೈಮ್ ಇದೆ ಅಂತ ಆಕ್ಸಿಲರೇಟರ್ ಒತ್ತಿದ್ದರು. ಪುಣ್ಯಕ್ಕೆ ಗುದ್ದಲಿಲ್ಲ. ಹಾರ್ನ್ ಮಾತ್ರ ಚೆನ್ನಾಗಿ ಬಿತ್ತು.

"ಹಸಿರೇ ಇತ್ತಲ್ಲೋ, ಯಾಕೆ ನಿಲ್ಲಿಸಿದೆ?" ಅಂದೆ.

"ಸಿಗ್ನಲ್ ಕೆಟ್ಟಿದೆ ಅಂದುಕೊಂಡೆ ಕಣೋ" ಅಂದ.

ಕೆಟ್ಟಿರಲಿಲ್ಲ. ಆ ದೇಶದ ಸಿಗ್ನಲ್ ಇರುವುದೇ ಹಾಗೆ. ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೋಗು, ಇದು ಎಲ್ಲ ಕಡೆ ಒಂದೇ. ಆದರೆ ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ಹೇಗೆ ಬದಲಾಗುತ್ತದೆ ಅನ್ನುವುದು ಪಕ್ಕಪಕ್ಕದ ದೇಶಗಳಲ್ಲೂ ಬೇರೆ ಬೇರೆ. ಇವತ್ತಿನ ವಿಡಿಯೋ ಆ ಮೂರು ನಾಲ್ಕು ಸೆಕೆಂಡುಗಳ ಬಗ್ಗೆ.

[ದೃಶ್ಯ: ನಕ್ಷೆ. ಮ್ಯೂನಿಕ್, ಇನ್ಸ್‌ಬ್ರುಕ್, ಬ್ರೆನ್ನರ್, ಬೊಲ್ಜಾನೊ. ಕೆಂಪು ಗೆರೆ ಒಂದೊಂದೇ ಊರು ದಾಟುತ್ತದೆ.]

ನಮ್ಮ ದಾರಿ ಇದು. ಜರ್ಮನಿಯ ಮ್ಯೂನಿಕ್‌ನಿಂದ ಹೊರಟು, ಆಸ್ಟ್ರಿಯಾ ದಾಟಿ, ಬ್ರೆನ್ನರ್ ಘಾಟಿ ಹತ್ತಿ ಇಳಿದು, ಇಟಲಿಯ ಬೊಲ್ಜಾನೊ. ಹೆಚ್ಚುಕಮ್ಮಿ 280 ಕಿಲೋಮೀಟರ್. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟ ಇಟಲಿಯಲ್ಲಿ. ಇಷ್ಟರಲ್ಲೇ ಮೂರು ಥರದ ಸಿಗ್ನಲ್ ಸಿಗುತ್ತದೆ.

ಮೊದಲು ಜರ್ಮನಿ. ಅಲ್ಲಿ ಕೆಂಪು ಆರಿ ಹಸಿರು ನೇರವಾಗಿ ಬರುವುದಿಲ್ಲ. ಕೆಂಪು ಉರಿಯುತ್ತಿರುವಾಗಲೇ ಅದರ ಜೊತೆಗೆ ಹಳದಿಯೂ ಹತ್ತಿಕೊಳ್ಳುತ್ತದೆ. ಎರಡೂ ಒಟ್ಟಿಗೆ, ಸುಮಾರು ಒಂದು ಸೆಕೆಂಡ್. ಆಮೇಲೆ ಹಸಿರು. ವಾಪಸ್ ಹೋಗುವಾಗ ಹಸಿರು, ಬರೀ ಹಳದಿ, ಕೆಂಪು.

ಆ ಒಂದು ಸೆಕೆಂಡ್ ಯಾತಕ್ಕೆ? ಗೇರ್ ಗಾಡಿ ಓಡಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನ್ಯೂಟ್ರಲ್‌ನಲ್ಲಿ ಆರಾಮಾಗಿ ಕೂತಿರುತ್ತೀರಿ. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕುವುದಕ್ಕೆ ಒಂದು ಕ್ಷಣ ಬೇಕು. ಕೆಂಪು ಹಳದಿ ಜೊತೆಯಾಗಿ ಬಂದರೆ ಕೈಕಾಲು ರೆಡಿ, ಹಸಿರು ಬಂದಾಗ ಗಾಡಿ ಹೊರಡುತ್ತದೆ. ಆದರೆ ಆ ಸೆಕೆಂಡ್‌ನಲ್ಲಿ ಹೊರಡುವ ಹಾಗಿಲ್ಲ. ಕೆಂಪು ಇನ್ನೂ ಇದೆ ಅಲ್ವಾ? ರೆಡಿ ಆಗಬಹುದು, ಅಷ್ಟೇ.

ಇದರಲ್ಲಿ ನನಗೆ ಇಷ್ಟವಾದದ್ದು ಏನಂದರೆ, ಈ ಸೆಕೆಂಡ್ ಯಾರ ಹಸಿರಿನಿಂದಲೂ ಕದ್ದದ್ದಲ್ಲ. ಜಂಕ್ಷನ್‌ನಲ್ಲಿ ಒಂದು ಕಡೆ ಕೆಂಪು ಬಿದ್ದ ತಕ್ಷಣ ಇನ್ನೊಂದು ಕಡೆ ಹಸಿರು ಕೊಡುವುದಿಲ್ಲ. ಕೊನೇ ಗಳಿಗೆಯಲ್ಲಿ ಒಳಗೆ ಬಂದ ಗಾಡಿ ಹೊರಗೆ ಹೋಗಬೇಕು, ಅಲ್ಲಿಯವರೆಗೆ ಈ ಕಡೆಯವರು ಹೇಗೂ ಕಾಯಲೇಬೇಕು. ಆ ಕಾಯುವ ಹೊತ್ತಿನ ಕೊನೇ ತುಣುಕಿನಲ್ಲಿ ಹಳದಿ ಹಚ್ಚುತ್ತಾರೆ. ಹೇಗೂ ಖಾಲಿ ಹೋಗುತ್ತಿದ್ದ ಹೊತ್ತು ಕೆಲಸಕ್ಕೆ ಬರುತ್ತದೆ.

[ದೃಶ್ಯ: ರಸ್ತೆಯ ಚಿತ್ರ. ಸ್ಟಾಪ್ ಲೈನ್‌ನಿಂದ ಹಿಂದಕ್ಕೆ ಮೀಟರ್ ಲೆಕ್ಕ.]

ಇನ್ನು ನಿಲ್ಲಿಸುವ ಕಡೆಯ ಹಳದಿ. ಊರೊಳಗೆ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್ ಇರುವಲ್ಲಿ ಜರ್ಮನಿಯ ಹಳದಿ 3 ಸೆಕೆಂಡ್. 60 ಇದ್ದರೆ 4, 70 ಇದ್ದರೆ 5. ಈ 3 ಅನ್ನುವುದು ಸುಮ್ನೆ ಬಾಯಿಗೆ ಬಂದ ಲೆಕ್ಕ ಅಲ್ಲ. ಬನ್ನಿ, ನಾವೇ ಹಾಕಿ ನೋಡೋಣ.

ಗಂಟೆಗೆ 50 ಅಂದರೆ ಸೆಕೆಂಡಿಗೆ 14 ಮೀಟರಿಗೆ ಚೂರು ಕಡಿಮೆ. ಹಳದಿ ನೋಡಿ ಕಾಲು ಬ್ರೇಕ್ ಮೇಲೆ ಬರುವುದಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ 14 ಮೀಟರ್ ಹೋಯಿತು. ಆಮೇಲೆ ಜೋರಾಗಿ ಅಲ್ಲದಿದ್ದರೂ ಗಟ್ಟಿಯಾಗಿ ಬ್ರೇಕ್ ಹಾಕುತ್ತೀರಿ, ಪ್ರತಿ ಸೆಕೆಂಡಿಗೆ ವೇಗ 12-13 ಕಿಲೋಮೀಟರ್ ಇಳಿಯುವಷ್ಟು. ಆಗ ನಿಲ್ಲುವುದಕ್ಕೆ ಇನ್ನೂ 27-28 ಮೀಟರ್ ಬೇಕು. ಒಟ್ಟು 41 ಮೀಟರ್ ಚಿಲ್ಲರೆ.

ಈಗ ಬ್ರೇಕ್ ಹಾಕದೆ ಹೋಗುವವರ ಲೆಕ್ಕ. 3 ಸೆಕೆಂಡಿನಲ್ಲಿ ಅದೇ ವೇಗದಲ್ಲಿ ಹೋದರೆ ಎಷ್ಟು ದೂರ? ಅದೂ 41 ಮೀಟರ್ ಚಿಲ್ಲರೆ!

ಗಮನಿಸಿದಿರಾ? 41 ಮೀಟರಿಗಿಂತ ದೂರ ಇದ್ದವರು ನಿಲ್ಲಬಲ್ಲರು. ಹತ್ತಿರ ಇದ್ದವರು ಕೆಂಪು ಬೀಳುವ ಮೊದಲೇ ಗೆರೆ ದಾಟಬಲ್ಲರು. ನಡುವೆ ಅನುಮಾನಕ್ಕೆ ಜಾಗವೇ ಇಲ್ಲ. ಹಳದಿಯನ್ನು 2 ಸೆಕೆಂಡಿಗೆ ಇಳಿಸಿ ನೋಡಿ. 28 ಮೀಟರಿಗೂ 41 ಮೀಟರಿಗೂ ನಡುವೆ ಸಿಕ್ಕಿಕೊಂಡವರು ನಿಲ್ಲಲೂ ಆಗದೆ, ದಾಟಲೂ ಆಗದೆ ಒದ್ದಾಡುತ್ತಾರೆ. ಅವರು ನಿಯಮ ಪಾಲಿಸಬೇಕು ಅಂದುಕೊಂಡರೂ ಸಾಧ್ಯವಿಲ್ಲ. ಈ ಇಕ್ಕಟ್ಟನ್ನು ಗಣಿತದಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಜನರಲ್ ಮೋಟರ್ಸ್‌ನ ಸಂಶೋಧನಾ ವಿಭಾಗದ ಮೂವರು: ಗಾಜಿಸ್, ಹರ್ಮನ್, ಮರದುದಿನ್. 1960ರಲ್ಲಿ. ಅವರು ಕೇಳಿದ ಪ್ರಶ್ನೆ ಸರಳ. ಹಳದಿಯಲ್ಲಿ ಸಿಕ್ಕಿಬಿದ್ದ ಚಾಲಕನದು ತಪ್ಪೋ, ದೀಪದ ಟೈಮಿಂಗ್ ತಪ್ಪೋ?

[ದೃಶ್ಯ: ಮತ್ತೆ ಇನ್ಸ್‌ಬ್ರುಕ್. ಬ್ಲಿಂಕ್ ಆಗುವ ಹಸಿರು, ನಿಧಾನ ಚಲನೆಯಲ್ಲಿ.]

ಈ 41 ಮೀಟರ್ ನೆನಪಿಟ್ಟುಕೊಂಡು ಆಸ್ಟ್ರಿಯಾಕ್ಕೆ ಬನ್ನಿ.

ಹೊರಡುವ ಕಡೆ ಆಸ್ಟ್ರಿಯಾದವರೂ ಜರ್ಮನಿಯ ಥರವೇ, ಕೆಂಪಿನ ಜೊತೆ ಹಳದಿ. ನಿಲ್ಲಿಸುವ ಕಡೆ ಮಾತ್ರ ಒಂದು ಹಂತ ಜಾಸ್ತಿ. ಹಳದಿಗೆ ಮೊದಲು ಹಸಿರು ನಾಲ್ಕು ಸಲ ಬ್ಲಿಂಕ್ ಆಗುತ್ತದೆ. ಒಂದೊಂದು ಸಲಕ್ಕೆ ಒಂದು ಸೆಕೆಂಡ್, ಒಟ್ಟು ನಾಲ್ಕು. ಮೊದಲೇ ಹೇಳಿಬಿಟ್ಟರೆ ಯಾರೂ ಗಾಬರಿಯಾಗಿ ಬ್ರೇಕ್ ಹಾಕಬೇಕಾಗಿಲ್ಲ ಅನ್ನುವ ಲೆಕ್ಕಾಚಾರ. ಕೇಳಲು ಚೆನ್ನಾಗಿಯೇ ಇದೆ.

ಈಗ ಮೀಟರ್ ಲೆಕ್ಕ ಹಾಕಿ. ಬ್ಲಿಂಕ್ 4 ಸೆಕೆಂಡ್, ಹಳದಿ 3 ಸೆಕೆಂಡ್. ಕೆಂಪು ಬೀಳುವುದಕ್ಕೆ 7 ಸೆಕೆಂಡ್ ಮೊದಲೇ ಸುದ್ದಿ ಬಂತು. 7 ಸೆಕೆಂಡಿನಲ್ಲಿ 50ರ ವೇಗದ ಗಾಡಿ 97 ಮೀಟರ್ ಹೋಗುತ್ತದೆ. ಅಂದರೆ 97 ಮೀಟರ್ ದೂರದಲ್ಲಿರುವವರೂ ದಾಟಬಹುದು. 41 ಮೀಟರಿಗಿಂತ ಆಚೆ ಇರುವ ಎಲ್ಲರೂ ನಿಲ್ಲಲೂಬಹುದು. ಹಾಗಾದರೆ ನಡುವಿನ 56 ಮೀಟರಿನಲ್ಲಿ ಇರುವವರು?

ಅವರಿಗೆ ಎರಡೂ ಸರಿಯೇ. ತೊಂದರೆ ಇರುವುದು ಅಲ್ಲೇ. ಆ 56 ಮೀಟರಿನಲ್ಲಿ ಒಂದೇ ಗಾಡಿ ಇದ್ದರೆ ಪರವಾಗಿಲ್ಲ. ಒಂದರ ಹಿಂದೆ ಒಂದು ಎರಡು ಇದ್ದು, ಮುಂದಿನವರು ನಿಲ್ಲೋಣ ಅಂದುಕೊಂಡು, ಹಿಂದಿನವರು ಹೋಗೋಣ ಅಂದುಕೊಂಡರೆ? ನನ್ನ ಗೆಳೆಯನಿಗೂ ಆ ವ್ಯಾನಿನವರಿಗೂ ಆದದ್ದು ಇದೇ. ಇಬ್ಬರೂ ತಪ್ಪು ಮಾಡಿರಲಿಲ್ಲ.

ಹಸಿರು ಬ್ಲಿಂಕ್ ಮಾಡುವ ಪದ್ಧತಿ ಇಸ್ರೇಲ್‌ನಲ್ಲೂ ಇದೆ, ರಷ್ಯಾ ಕಡೆಯೂ ಇದೆ. 1980ರ ದಶಕದಲ್ಲಿ ಇಸ್ರೇಲ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದವರಿಗೆ ಕಂಡದ್ದೂ ಇದೇ, ಹಿಂದಿನಿಂದ ಗುದ್ದುವ ಅಪಘಾತ ಜಾಸ್ತಿಯಾಗಿತ್ತು. ಆಸ್ಟ್ರಿಯಾದಲ್ಲಿ ಹುಟ್ಟಿ ಬೆಳೆದವರಿಗೆ ಈ ನಾಲ್ಕು ಬ್ಲಿಂಕ್ ರೂಢಿಯಾಗಿರುತ್ತದೆ, ನಿಜ. ಆದರೂ ನನ್ನನ್ನು ಕೇಳಿದರೆ, ಹೊರಡುವವರಿಗೆ ಒಂದು ಸೆಕೆಂಡ್ ಮೊದಲು ಹೇಳುವುದು ಒಳ್ಳೆಯದು, ನಿಲ್ಲಬೇಕಾದವರಿಗೆ ನಾಲ್ಕು ಸೆಕೆಂಡ್ ಜಾಸ್ತಿ ಕೊಡುವುದು ದುಬಾರಿ ಔದಾರ್ಯ.

[ದೃಶ್ಯ: ಬ್ರೆನ್ನರ್ ಘಾಟಿ. ಹಿಮದ ಬೆಟ್ಟ, ಲಾರಿಗಳ ಸಾಲು.]

ಬ್ರೆನ್ನರ್ ಸಮುದ್ರ ಮಟ್ಟದಿಂದ ಸುಮಾರು 1,370 ಮೀಟರ್ ಎತ್ತರ. ದಾಟಿದರೆ ಇಟಲಿಯ ಸೌತ್ ಟೈರೋಲ್. ಮೊದಲ ಮಹಾಯುದ್ಧ ಆದಮೇಲೆ ಆಸ್ಟ್ರಿಯಾದಿಂದ ಇಟಲಿಗೆ ಹೋದ ಸೀಮೆ ಇದು. ಇವತ್ತಿಗೂ ಅಲ್ಲಿ ಜಾಸ್ತಿ ಜನರ ಮನೆಮಾತು ಜರ್ಮನ್. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ಬೊಲ್ಜಾನೊ ಅಂತಲೂ ಬರೆದಿರುತ್ತದೆ, ಬೋಝೆನ್ ಅಂತಲೂ ಬರೆದಿರುತ್ತದೆ. ಕಾಸರಗೋಡಿನಲ್ಲಿ ಇಳಿದ ಕನ್ನಡಿಗನ ಹಾಗೆ, ಗಡಿ ದಾಟಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ.

ಸಿಗ್ನಲ್‌ನಲ್ಲಿ ನಿಂತರೆ ಗೊತ್ತಾಗುತ್ತದೆ. ಅಲ್ಲಿ ರೋಮ್‌ನ ಪದ್ಧತಿ. ಕೆಂಪು ಆರಿತು, ಹಸಿರು ಬಂತು. ನಡುವೆ ಏನೂ ಇಲ್ಲ. ಬ್ಲಿಂಕೂ ಇಲ್ಲ. ಹಸಿರು, ಹಳದಿ, ಕೆಂಪು, ಮತ್ತೆ ಹಸಿರು. ನಮ್ಮ ಬೆಂಗಳೂರು, ಮೈಸೂರಿನ ಹಾಗೇ! ಗೆಳೆಯ ನ್ಯೂಟ್ರಲ್‌ನಲ್ಲಿ ಹಳದಿಗೆ ಕಾಯುತ್ತ ಕೂತಿದ್ದ. ಹಸಿರು ಬಂದು ಎರಡು ಸೆಕೆಂಡ್ ಆದರೂ ಗಾಡಿ ಅಲ್ಲಾಡಲಿಲ್ಲ. ಒಂದೇ ದಿನದಲ್ಲಿ ಎರಡನೇ ಸಲ ಹಾರ್ನ್ ತಿಂದ.

ಫ್ರಾನ್ಸ್, ಸ್ಪೇನ್, ಬೆಲ್ಜಿಯಂ, ನೆದರ್ಲೆಂಡ್ಸ್, ಇವರೂ ನೇರ ಹಸಿರಿನವರು. ಸ್ವಿಟ್ಜರ್ಲೆಂಡ್, ಪೋಲೆಂಡ್, ಸ್ವೀಡನ್ ಕೆಂಪು-ಹಳದಿ ಜೋಡಿಯವರು. ಗೇರ್ ಗಾಡಿ ಜಾಸ್ತಿ ಇದ್ದದ್ದಕ್ಕೇ ಜೋಡಿ ದೀಪ ಬಂತು ಅನ್ನುವ ವಿವರಣೆ ಅರ್ಧ ಮಾತ್ರ ಸರಿ. ಫ್ರಾನ್ಸ್, ಇಟಲಿಯಲ್ಲಿ ಗೇರ್ ಗಾಡಿಗೆ ಏನು ಕಡಿಮೆಯಿತ್ತು? ಯಾರ ರೂಢಿ ಯಾರಿಗೆ ಹಿಡಿಸಿತೋ ಅದು ಉಳಿಯಿತು. ಆದರೆ ಫ್ರಾನ್ಸಿನವರು ಒಂದು ಜಾಣತನ ಮಾಡಿದ್ದಾರೆ. ಅದೇ ಕಂಬದಲ್ಲಿ, ಚಾಲಕರ ಕಣ್ಣಿನ ಮಟ್ಟಕ್ಕೆ, ಅಂಗೈಯಗಲದ ಪುಟ್ಟ ದೀಪಗಳು. ಮೊದಲ ಸಾಲಿನಲ್ಲಿ ನಿಂತವರು ಕತ್ತು ಎತ್ತಿ ನೋವು ಮಾಡಿಕೊಳ್ಳಬೇಕಾಗಿಲ್ಲ. ನನಗೆ ಇದು ತುಂಬಾ ಹಿಡಿಸಿತು.

[ದೃಶ್ಯ: ಎರಡು ದೀಪಸ್ತಂಭ ಅಕ್ಕಪಕ್ಕ. ಎಡಕ್ಕೆ ಬೆಲ್‌ಫಾಸ್ಟ್, ಬಲಕ್ಕೆ ಡಬ್ಲಿನ್.]

ಐರ್ಲೆಂಡ್ ದ್ವೀಪ ಇನ್ನೂ ವಿಚಿತ್ರ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಎರಡು ಗಂಟೆ ದಾರಿ. ಗಡಿಯಲ್ಲಿ ಗೇಟಿಲ್ಲ, ತಡೆಯುವವರಿಲ್ಲ. ಡಬ್ಲಿನ್ ಕಡೆ ಕೆಂಪಿನಿಂದ ನೇರ ಹಸಿರು. ಬೆಲ್‌ಫಾಸ್ಟ್ ಬ್ರಿಟನ್‌ಗೆ ಸೇರಿದ್ದು, ಅಲ್ಲಿ ಕೆಂಪು ಹಳದಿ ಜೋಡಿ, ಅದೂ 2 ಸೆಕೆಂಡ್, ಜರ್ಮನಿಯ ಎರಡರಷ್ಟು. ವೇಗದ ಬೋರ್ಡು ಡಬ್ಲಿನ್ ಕಡೆ ಕಿಲೋಮೀಟರ್, ಬೆಲ್‌ಫಾಸ್ಟ್ ಕಡೆ ಮೈಲಿ. ಹಾಂಗ್‌ಕಾಂಗ್‌ನಲ್ಲೂ ಬ್ರಿಟಿಷರು ಬಿಟ್ಟುಹೋದ ಜೋಡಿ ದೀಪವೇ ಇವತ್ತಿಗೂ ಇದೆ. ಪಕ್ಕದ ಶೆಂಝೆನ್‌ಗೆ ಕಾಲಿಟ್ಟರೆ ಅದಿಲ್ಲ, ಗಾಡಿ ಓಡಿಸುವ ಪಕ್ಕವೇ ಬದಲು.

ಒಂದೇ ಊರಿನಲ್ಲಿ ಎರಡು ಪದ್ಧತಿ ಇದ್ದದ್ದೂ ಉಂಟು. ಗೋಡೆ ಇದ್ದ ಕಾಲದ ಬರ್ಲಿನ್. ಪೂರ್ವ ಜರ್ಮನಿಯಲ್ಲಿ ಹಸಿರು ಮುಗಿಯುವಾಗ ಹಸಿರು ಹಳದಿ ಎರಡೂ ಒಟ್ಟಿಗೆ ಉರಿಯುವ ಹಂತವಿತ್ತು. ಪಶ್ಚಿಮದಲ್ಲಿ ಇರಲಿಲ್ಲ. ಎರಡೂ ದೇಶ ಒಂದಾದ ಮೇಲೆ ಅದು ಹೋಯಿತು. ಆದರೆ ಪೂರ್ವದವರ ಎಲ್ಲವೂ ಹೋಗಲಿಲ್ಲ. ಕಾರ್ಲ್ ಪೆಗ್ಲಾವ್ 1961ರಲ್ಲಿ ರೂಪಿಸಿದ ಟೊಪ್ಪಿ ಹಾಕಿಕೊಂಡ ಪಾದಚಾರಿ ಮನುಷ್ಯ ಈಗ ಬರ್ಲಿನ್‌ನ ಟೀ ಶರ್ಟ್ ಮೇಲೂ ಇದ್ದಾನೆ. ಕೆಂಪು ಇದ್ದರೂ ನಿಂತು ನೋಡಿ ಬಲಕ್ಕೆ ತಿರುಗಬಹುದು ಅನ್ನುವ ತಗಡಿನ ಹಸಿರು ಬಾಣ 1978ರಲ್ಲಿ ಪೂರ್ವದಲ್ಲಿ ಶುರುವಾಗಿ, 1994ರಲ್ಲಿ ಇಡೀ ಜರ್ಮನಿಯ ನಿಯಮಕ್ಕೆ ಸೇರಿತು.

ಇಷ್ಟೊಂದು ಕಲಸುಮೇಲೋಗರ ಆಗಬಾರದು ಅಂತಲೇ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ, 1968ರದ್ದು. ಕೆಂಪಿನ ಜೊತೆ ಹಳದಿ ಬಂದರೆ ದೀಪ ಬದಲಾಗಲಿದೆ ಅಂತ ಅರ್ಥ, ಆದರೆ ಹೋಗುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಹಚ್ಚಲೇಬೇಕು ಅಂತ ಬರೆದಿಲ್ಲ. ಆ ಒಪ್ಪಂದ ಆದದ್ದು ಎಲ್ಲಿ ಗೊತ್ತಾ? ವಿಯೆನ್ನಾದಲ್ಲಿ. ಹಸಿರು ಕಣ್ಣು ಹೊಡೆಯುವ ಆಸ್ಟ್ರಿಯಾದ ರಾಜಧಾನಿಯಲ್ಲಿ.

[ದೃಶ್ಯ: ಬೆಂಗಳೂರಿನ ಸಿಗ್ನಲ್. ಟೈಮರ್ 9, 8, 7.]

ನೀವು ಕೇಳಬಹುದು, ನಮ್ಮಲ್ಲಿ ಟೈಮರ್ ಇದೆಯಲ್ಲ, ಅದೇ ಸಾಲದಾ? ಟೈಮರ್ ನೋಡಿ ಇಂಜಿನ್ ಆಫ್ ಮಾಡಬಹುದು, ಅದು ಲಾಭ. ಆದರೆ 5 ಬಂದಾಗಲೇ ಬೈಕುಗಳು ಗೆರೆ ದಾಟಿ ನಿಂತಿರುತ್ತವೆ, 2 ಬಂದಾಗ ಹೊರಟಿರುತ್ತವೆ. ಒಂದು ಸೆಕೆಂಡಿನ ಹಳದಿಯಲ್ಲಿ ಇಷ್ಟು ಕಳ್ಳಾಟಕ್ಕೆ ಟೈಮ್ ಸಿಗುವುದಿಲ್ಲ. ಇನ್ನೊಂದು ವಿಷಯ. 60 ಸೆಕೆಂಡ್ ಟೈಮರ್ ತೋರಿಸಬೇಕಾದರೆ ಮುಂದಿನ 60 ಸೆಕೆಂಡ್ ಏನಾಗುತ್ತದೆ ಅಂತ ಮಷೀನಿಗೆ ಮೊದಲೇ ಗೊತ್ತಿರಬೇಕು. ಎಷ್ಟು ಗಾಡಿ ಬಂದಿದೆ ನೋಡಿ ಹಸಿರನ್ನು ಹಿಗ್ಗಿಸುವ, ಕುಗ್ಗಿಸುವ ಸೆನ್ಸರ್ ಸಿಗ್ನಲ್‌ಗೆ ಅದು ಗೊತ್ತಿರುವುದಿಲ್ಲ. ಅಲ್ಲಿ ಟೈಮರ್ ಹಾಕಿದರೆ ಸುಳ್ಳು ಹೇಳುತ್ತದೆ. ಕೆಂಪು-ಹಳದಿಗೆ ಒಂದೇ ಸೆಕೆಂಡಿನ ಭವಿಷ್ಯ ಗೊತ್ತಿದ್ದರೆ ಸಾಕು.

ಆ ಕಡೆ ಬಾಡಿಗೆ ಕಾರು ತೆಗೆದುಕೊಂಡು ಹೋಗುವವರಿಗೆ ಒಂದು ಮಾತು. ಜರ್ಮನಿಯಲ್ಲಿ ಕೆಂಪು ಬಿದ್ದು ಒಂದು ಸೆಕೆಂಡಿಗಿಂತ ಜಾಸ್ತಿ ಆದಮೇಲೆ ದಾಟಿ ಸಿಕ್ಕಿಬಿದ್ದರೆ 200 ಯೂರೋ ದಂಡ, ಮೇಲೆ ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಆಸ್ಟ್ರಿಯಾದಲ್ಲಿ ಹಸಿರು ಬ್ಲಿಂಕ್ ಆದರೆ ಮೊದಲು ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ನೋಡಿ, ಆಮೇಲೆ ತೀರ್ಮಾನ ಮಾಡಿ.

ಊರಲ್ಲೇ ಇರುವವರಿಗೆ ಬೇರೆ ಕೆಲಸ. ಮನೆ ಹತ್ತಿರದ ಸಿಗ್ನಲ್‌ನ ಹಳದಿ ಎಷ್ಟು ಸೆಕೆಂಡ್ ಅಂತ ಅಳೆಯಿರಿ. ಫುಟ್‌ಪಾತ್ ಮೇಲೆ ನಿಂತು, ಓಡಿಸುವಾಗ ಅಲ್ಲ. ಮೊಬೈಲ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ಇಟ್ಟು ವಿಡಿಯೋ ಮಾಡಿ, ಆಮೇಲೆ ಹಳದಿ ಇರುವ ಫ್ರೇಮ್ ಎಣಿಸಿ. 90 ಬಂದರೆ 3 ಸೆಕೆಂಡ್. 60 ಬಂದರೆ ನನಗೆ ಬರೆಯಿರಿ, ಯಾವ ಸರ್ಕಲ್ ಅಂತಲೂ ಹೇಳಿ.