ತೂಕ ನಿಲ್ಲುವವರೆಗೆ

ನಮಸ್ಕಾರ ಕೇಳುಗರೇ.

ಬಿ.ಎಸ್ಸಿ. ಮುಗಿಸಿದ ಮಕ್ಕಳು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಮೇಡಂ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ತಗೊಂಡ್ರೆ ಓದೋಕಾಗುತ್ತಾ? ತುಂಬಾ ಕಷ್ಟ ಅಂತಾರಲ್ಲ?" ಕೇಳುವವರಲ್ಲಿ ಬಹಳ ಮಂದಿ ಹಳ್ಳಿಯಿಂದ ಬಂದವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವರು. ನಾನೂ ಹಾಗೇ ಬಂದವಳು. ಅದಕ್ಕೇ ಇವತ್ತು ಅವರ ಜೊತೆ, ಅವರನ್ನು ಓದಿಸುತ್ತಿರುವ ಅಪ್ಪ ಅಮ್ಮಂದಿರ ಜೊತೆ ನಾಲ್ಕು ಮಾತಾಡೋಣ ಅಂತ ಬಂದಿದ್ದೇನೆ.

ಕಷ್ಟ ಹೌದು. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್, ಇವುಗಳ ಜೊತೆ ಸ್ಪೆಕ್ಟ್ರೋಸ್ಕೋಪಿ, ಅನಲಿಟಿಕಲ್. ಪಾಠ ಮುಗಿದರೆ ಲ್ಯಾಬ್, ಲ್ಯಾಬ್ ಮುಗಿದರೆ ರೆಕಾರ್ಡ್ ಬರೆಯುವುದು. ಆದರೆ ಮಕ್ಕಳು ಹೆದರುವುದು ಇಂಗ್ಲಿಷಿಗೆ. ಇಂಗ್ಲಿಷ್ ಆರು ತಿಂಗಳಲ್ಲಿ ಪಳಗುತ್ತದೆ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಜವಾಗಿ ಕಾಡುವುದು ಬೇರೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ನೋಟ್ಸ್ ಬಾಯಿಪಾಠ ಮಾಡಿ ಪಾಸಾಗುವ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ನಿಕ್ಕಲ್‌ನಿಂದ. ದ್ರಾವಣದಲ್ಲಿ ಎಷ್ಟು ನಿಕ್ಕಲ್ ಇದೆ ಅಂತ ತೂಕ ಮಾಡಿ ಹೇಳಬೇಕು, ಅದು ಪ್ರಯೋಗ. ದ್ರಾವಣ ಬಿಸಿ ಮಾಡಿ, ಡೈಮೀಥೈಲ್ ಗ್ಲೈಆಕ್ಸಿಮ್ ಅನ್ನುವ ರಾಸಾಯನಿಕ ಹಾಕಿ, ಮೇಲೆ ಒಂದೊಂದೇ ಹನಿ ಅಮೋನಿಯಾ ಬಿಟ್ಟರೆ ಕುಂಕುಮದಂಥ ಕೆಂಪು ಪುಡಿ ಒತ್ತರಿಸಿಕೊಂಡು ಬರುತ್ತದೆ. ಆ ಕೆಂಪನ್ನು ಮೊದಲ ಸಲ ನೋಡಿದಾಗ ಸುಮ್ನೆ ನೋಡುತ್ತಾ ನಿಂತುಬಿಟ್ಟಿದ್ದೆ. ಆಮೇಲೆ ಅದನ್ನು ಸೋಸುವ ತಳದ ಪುಟ್ಟ ಬಟ್ಟಲಾದ ಕ್ರೂಸಿಬಲ್‌ನಲ್ಲಿ ಸೋಸಿ, ತೊಳೆದು, ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ ತೂಗಬೇಕು. ಆ ಕೆಂಪು ಪುಡಿಯ ತೂಕದಲ್ಲಿ ಶೇಕಡಾ 20.3ರಷ್ಟು ನಿಕ್ಕಲ್. ಲೆಕ್ಕ ಇಷ್ಟೇ.

ನಾನು ಬಸ್ಸಿಗೆ ಹೊತ್ತಾಯಿತು ಅಂತ ಅವಸರ ಮಾಡಿದೆ. ಕ್ರೂಸಿಬಲ್ ಇನ್ನೂ ಬೆಚ್ಚಗಿರುವಾಗಲೇ ತಕ್ಕಡಿಗೆ ಇಟ್ಟೆ. ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲಕ್ಕೆ ಏಳುತ್ತದೆ, ಅದರಿಂದ ತೂಕ ಕಡಿಮೆ ತೋರಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಬಂದಿರಲಿಲ್ಲ. ಮೇಷ್ಟ್ರು ನನ್ನ ಉತ್ತರ ನೋಡಿದರು, ಬೈಯಲಿಲ್ಲ. "ತೂಕ ನಿಂತಿದೆಯೇನಮ್ಮಾ? ಮತ್ತೆ ಒಣಗಿಸು, ಆರಿಸು, ತೂಗು" ಅಂದರು. ಎರಡು ಸಲ ತೂಗಿದಾಗಲೂ ಒಂದೇ ಅಂಕಿ ಬರುವವರೆಗೆ ಮಾಡಬೇಕು. ಅವತ್ತು ಬಸ್ಸು ತಪ್ಪಿತು. ಆದರೆ ಮೂರನೇ ತೂಕವೂ ನಾಲ್ಕನೇ ತೂಕವೂ ಕೊನೆಯ ದಶಾಂಶದವರೆಗೆ ಒಂದೇ ಬಂದಾಗ ಆದ ಸಂತೋಷ ರ್‍ಯಾಂಕ್ ಬಂದಿದ್ದರೂ ಆಗುತ್ತಿರಲಿಲ್ಲ.

ಥಿಯರಿಯನ್ನೂ ಹೀಗೇ ಕೈಯಲ್ಲಿ ಹಿಡಿದು ಓದಿ ಅಂತ ನಾನು ಹೇಳುವುದು. ಅಣುವನ್ನು ತಿರುಗಿಸಿದರೂ ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣುತ್ತದೆಯೇ ಅಂತ ನೋಡುವ ಗ್ರೂಪ್ ಥಿಯರಿ ಅಂದರೆ ಎಲ್ಲರಿಗೂ ಹೆದರಿಕೆ, ಅಲ್ವಾ? ನಮ್ಮ ಅಜ್ಜಿಯ ಮೂರು ಕಲ್ಲಿನ ಒಲೆ ನೆನಪು ಮಾಡಿಕೊಳ್ಳಿ. ಕೆಳಗೆ ಮೂರು ಕಲ್ಲು, ಮೇಲೆ ಮಡಕೆ. ಅದೇ ಅಮೋನಿಯಾ ಅಣು! ಮೂರು ಕಲ್ಲು ಮೂರು ಹೈಡ್ರೋಜನ್, ಮಡಕೆ ನೈಟ್ರೋಜನ್. ಒಲೆಯನ್ನು 120 ಡಿಗ್ರಿ ತಿರುಗಿಸಿದರೆ ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ಒಂದು ಕಲ್ಲನ್ನೂ ಮಡಕೆಯನ್ನೂ ನಡುಮಧ್ಯಕ್ಕೆ ಸೀಳಿಕೊಂಡು ಹೋಗುವಂತೆ ಕನ್ನಡಿ ನಿಲ್ಲಿಸಿದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇಲ್ಲ, ಅಂಥ ಕನ್ನಡಿ ಮೂರು. ಪುಸ್ತಕದಲ್ಲಿ ಸಿ ತ್ರೀ ವಿ ಅಂತ ಬರೆದಿರುವುದು ಇದನ್ನೇ. ಇದನ್ನು ಕನ್ನಡದಲ್ಲಿ ಯೋಚನೆ ಮಾಡಿ, ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆರ್ಗ್ಯಾನಿಕ್‌ನಲ್ಲೂ ಅಷ್ಟೇ. ರಿಯಾಕ್ಷನ್‌ಗಳ ಹೆಸರು ಉರು ಹೊಡೆಯಬೇಡಿ. ಪೆನ್ಸಿಲ್ ಹಿಡಿದು ಬಾಣ ಬರೆಯಿರಿ. ಬಾಣ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು, ಎಲೆಕ್ಟ್ರಾನ್ ಬೇಕಾಗಿರುವ ಕಡೆಗೆ ಹೋಗಬೇಕು. ಎಷ್ಟೋ ಮಕ್ಕಳು ಪ್ರೋಟಾನ್‌ನಿಂದ ಬಾಣ ಶುರು ಮಾಡುತ್ತಾರೆ, ಅದರ ಹತ್ತಿರ ಎಲೆಕ್ಟ್ರಾನೇ ಇಲ್ಲ!

ಐಐಟಿಗಳಲ್ಲಿ ಎಂ.ಎಸ್ಸಿ. ಮಾಡುವ ಆಸೆ ಇದ್ದರೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. 3 ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಲೆಕ್ಕ ಮಾಡಿ ಅಂಕಿ ತುಂಬಬೇಕು. ಬಾಯಿಪಾಠದವರು ಅಲ್ಲಿ ಏನು ತುಂಬುತ್ತಾರೆ ಹೇಳಿ? ಅಲ್ಲಿ ಸೀಟು ಸಿಗದಿದ್ದರೆ ಬೇಜಾರು ಬೇಡ. ಮೈಸೂರು, ಧಾರವಾಡ, ಕೊಣಾಜೆ, ಶಂಕರಘಟ್ಟ, ನಮ್ಮ ಊರುಗಳ ವಿಶ್ವವಿದ್ಯಾಲಯಗಳಲ್ಲೂ ಇದೇ ಕೆಮಿಸ್ಟ್ರಿ ಇದೆ. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಬಿ.ಎಸ್ಸಿ. ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲೇ. ಎಂ.ಎಸ್ಸಿ.ಗೆ ಬನಾರಸ್‌ಗೆ ಹೋದರು, ಆಮೇಲೆ ಪಿಎಚ್.ಡಿ.ಗೆ ಅಮೆರಿಕದ ಪರ್ಡ್ಯೂಗೆ.

ಅಪ್ಪ ಅಮ್ಮಂದಿರು ಕೇಳುವುದು ಕೆಲಸದ ವಿಷಯ. ಔಷಧಿ ಕಂಪನಿಗಳ ಕ್ವಾಲಿಟಿ ಕಂಟ್ರೋಲ್ ವಿಭಾಗಕ್ಕೆ ತೂಗಲು, ಅಳೆಯಲು ಬರುವವರು ಬೇಕು. ಪಿಯು ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಜೊತೆಗೆ ಬಿ.ಎಡ್. ಮಾಡಿಕೊಳ್ಳಬೇಕು. ಸಂಶೋಧನೆಗೆ ಹೋಗುವವರು ಸಿಎಸ್‌ಐಆರ್ ನೆಟ್ ಅನ್ನುವ ಅರ್ಹತಾ ಪರೀಕ್ಷೆ ಬರೆದು ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ತೆಗೆದುಕೊಂಡರೆ, 2023ರಲ್ಲಿ ಏರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಹೆಣ್ಣುಮಕ್ಕಳ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪಿಎಚ್.ಡಿ. ಮಾಡುವಾಗ ಅವಳು ಮನೆಯಿಂದ ದುಡ್ಡು ಕೇಳುವುದಿಲ್ಲ, ದಯವಿಟ್ಟು ಓದು ನಿಲ್ಲಿಸಬೇಡಿ.

ಇನ್ನೊಂದು ಮಾತು. ಮಗಳು ಸಂಜೆ ಆರಾದರೂ ಫೋನ್ ಎತ್ತಲಿಲ್ಲ ಅಂದರೆ ಗಾಬರಿಯಾಗಬೇಡಿ, ಬಂದ ಮೇಲೆ ಬೈಯಲೂ ಬೇಡಿ. ಲ್ಯಾಬ್‌ನಲ್ಲಿ ಅವಳ ಕ್ರೂಸಿಬಲ್ ಇನ್ನೂ ಆರಿರುವುದಿಲ್ಲ.

ನಮಸ್ಕಾರ.